ಗೊಣಗುವುದಲ್ಲ ಮಾರಾಯ, ಅದು ಅರ್ಧ ಉಕಾರ

ನಮ್ಮ ಕಾಸರಗೋಡಿಗೆ ಬಂದು ಹೋದ ನೀನು ಬೆಂಗಳೂರು ಸೇರಿ ಕಳಿಸಿದ ಮೆಸೇಜು ಓದಿದೆ. "ಊರು ಚೆಂದ, ಊಟ ಸೂಪರ್, ಆದರೆ ನಿಮ್ಮ ಕಡೆಯವರು ಎಲ್ಲರೂ ಯಾಕೆ ಹೀಗೆ ಗೊಣಗ್ತೀರಿ? ಬಾಯಿ ಬಿಟ್ಟು ಮಾತಾಡಿದರೆ ದುಡ್ಡು ಕೇಳ್ತಾರಾ?" ಅದರ ಬೆನ್ನಿಗೇ ಇನ್ನೊಂದು: "ಅಂದ ಹಾಗೆ ನಿಮ್ಮಜ್ಜಿ ನನ್ನ ನೋಡಿ ಏನೋ ಪಿರಿಪಿರಿ ಅಂದ್ರಲ್ಲ, ಹಾಗಂದ್ರೇನು?"

ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ, ಅದು ಸುಲಭ. ನಮ್ಮಲ್ಲಿ ಜೋರು ಬಾರದೆ, ನಿಲ್ಲಲೂ ನಿಲ್ಲದೆ ಹನಿಯುತ್ತಾ ಇರುವ ಮಳೆಗೆ ಪಿರಿಪಿರಿ ಮಳೆ ಅನ್ನುತ್ತೇವೆ. ತಲೆ ತಿನ್ನುವ ರಗಳೆಗೂ ಅದೇ ಮಾತು: "ಎಂತ ಪಿರಿಪಿರಿ ಮಾರಾಯ ನಿಂದು!" ಮಲಯಾಳದಲ್ಲಿ ಹತ್ತಿರದ್ದೇ ಒಂದು ಪದ ಉಂಟು, ಪಿರುಪಿರುಕ್ಕುಗ. ಬಾಯೊಳಗೇ ಏನೋ ಹೇಳಿಕೊಳ್ಳುವುದು ಎಂದು ಅರ್ಥ. ಗಡಿಯಲ್ಲಿ ಪದಗಳಿಗೆ ಬೇಲಿ ಇಲ್ಲವಲ್ಲ. ಅಜ್ಜಿಯ ಬಾಯಲ್ಲಿ ಮಳೆ, ರಗಳೆ, ಅರ್ಥವಾಗದ ಮಾತು ಮೂರೂ ಒಂದೇ ಪಿರಿಪಿರಿ. ನೀನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಕಥೆಯನ್ನು ಬೆಂಗಳೂರಿನ ವೇಗದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದೆಯಲ್ಲ, ಅದನ್ನು ಕೇಳಿ ಅಜ್ಜಿ ನನ್ನ ಹತ್ತಿರ ಕೇಳಿದ್ದು ಇಷ್ಟೇ: "ಈ ಜನ ಎಂತ ಪಿರಿಪಿರಿ ಹೇಳುವುದು? ಒಂದೂ ತಿಳಿಯುವುದಿಲ್ಲ." ಅಂದರೆ ಅವತ್ತು ನಮ್ಮ ಜಗಲಿಯಲ್ಲಿ ಗೊಣಗಿದ್ದು ನೀನು.

ಇನ್ನು ಮೊದಲನೆಯದು. ಗೊಣಗುವುದು ಅನ್ನುವ ಪದವನ್ನು ನೀನು ತುಂಬ ಉದಾರವಾಗಿ ಬಳಸಿದ್ದೀಯ. ಸ್ಪಷ್ಟ ಇಲ್ಲದ ಮಾತಿಗೆ ಕನ್ನಡದಲ್ಲಿ ಪದಗಳಿಗೆ ಬರ ಇಲ್ಲ. ಮಗು ಆಡಿದರೆ ತೊದಲು. ಅಕ್ಷರ ಸಿಕ್ಕಿಕೊಂಡರೆ ಉಗ್ಗು. ನಿದ್ದೆಯಲ್ಲಿ ಕನವರಿಕೆ, ಜ್ವರದಲ್ಲಿ ಬಡಬಡಿಕೆ. ಕಿವಿಯ ಹತ್ತಿರ ಪಿಸುಮಾತು. ಕೆಲಸ ಮಾಡುತ್ತಾ ಬಾಯೊಳಗೇ ಹಾಡಿಕೊಂಡರೆ ಗುಣುಗುವುದು. ಇವುಗಳಲ್ಲಿ ಯಾವುದಕ್ಕೂ ಯಾರ ಮೇಲೂ ಸಿಟ್ಟಿಲ್ಲ. ಗೊಣಗುವುದಕ್ಕೆ ಮಾತ್ರ ಎರಡು ಮುಖ: ಮಾತು ಅಸ್ಪಷ್ಟ, ಅದರೊಳಗೆ ಒಂದು ದೂರೂ ಉಂಟು. ಸಾರಿಗೆ ಉಪ್ಪಿಲ್ಲ ಎಂದು ಜೋರಾಗಿ ಹೇಳಿದವ ಜಗಳಗಂಟ, ಹೇಳದೆ ಉಂಡವ ಸಾಧು, ಬಟ್ಟಲಿನೊಳಗೆ ಹೇಳಿದವ ಗೊಣಗುವವ. ಈ ಎರಡನೇ ಮುಖದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿನಗೆ ಕೇಳಿಸಿದ್ದು ಏನೆಂದು ಹೇಳುತ್ತೇನೆ. ನಮ್ಮ ಮನೆ ಮಾತು ತುಳು, ಶಾಲೆ ಕನ್ನಡ, ಆಫೀಸು ಮಲಯಾಳ. ಕಾಸರಗೋಡಿಗೆ ಸಪ್ತಭಾಷಾ ಸಂಗಮ ಎಂದು ಭಾಷಣದಲ್ಲಿ ಹೇಳುತ್ತಾರೆ, ಅದನ್ನೆಲ್ಲ ಬಿಡು. ತುಳುವಿನಲ್ಲೂ ಮಲಯಾಳದಲ್ಲೂ ಪದದ ಕೊನೆಗೆ ಒಂದು ಅರ್ಧ ಉಕಾರ ಬರುತ್ತದೆ. ತುಟಿ ಮುಂದೆ ಬರುವುದಿಲ್ಲ, ಉರುಟಾಗುವುದೂ ಇಲ್ಲ, ನಾಲಿಗೆ ಮೇಲಕ್ಕೆದ್ದು ಹಾಗೇ ನಿಂತುಬಿಡುತ್ತದೆ. ನಿನ್ನ ಕನ್ನಡದಲ್ಲಿ ನೀರು, ಕಾಲು ಎಂದು ಪೂರ್ತಿ ಉ. ನಮ್ಮ ತುಳುವಿನಲ್ಲಿ ಅದೇ ನೀರ್, ಕಾರ್. ಬರೆದರೆ ಹೀಗೆ ಕಾಣುತ್ತದೆ, ಹೇಳುವಾಗ ಕೊನೆಗೊಂದು ಸಣ್ಣ ಬಾಲ ಉಂಟು. ನಿನ್ನ ಕಿವಿಗೆ ಆ ಬಾಲ ಸಿಗುವುದಿಲ್ಲ, ಹಾಗಾಗಿ ನುಂಗಿದರು ಎಂದುಕೊಳ್ಳುತ್ತೀಯ.

ನೆನಪುಂಟಾ, ಬದಿಯಡ್ಕದ ಪೇಟೆಯಲ್ಲಿ ಇಳಿದು ದಾರಿ ಕೇಳಿದೆಯಲ್ಲ? ಆ ಮನುಷ್ಯ ಕೈ ತೋರಿಸಿ "ಅವ್ವೇ ಇಲ್ಲ್" ಅಂದರು. ನೀನು "ಇಲ್ಲವಂತೆ" ಎಂದು ಫೋನಿನಲ್ಲಿ ಹೇಳಿ ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತೆ. ತುಳುವಿನಲ್ಲಿ ಇಲ್ಲ್ ಅಂದರೆ ಮನೆ. ಅದೇ ಮನೆ ಎಂದು ಪಾಪ ಅವರು ಹೇಳಿದ್ದು. ಇಲ್ಲ ಅನ್ನಲು ನಮಗೆ ಇಜ್ಜಿ ಎಂಬ ಬೇರೆಯೇ ಪದ ಉಂಟು. ಮನೆಯ ಮುಂದೆ ನಿಂತು ಮನೆ ಇಲ್ಲ ಅಂದುಕೊಂಡವನಿಗೆ ಯಾರು ಏನು ಮಾಡುವುದು?

ಇನ್ನೂ ಸೂಕ್ಷ್ಮದ್ದು ಒಂದು ಉಂಟು. ತುಳುವಿನಲ್ಲಿ "ಯಾನ್ ಬತ್ತೆ" ಅಂದರೆ ನಾನು ಬಂದೆ. "ಆಯೆ ಬತ್ತೆ" ಅಂದರೆ ಅವನು ಬಂದ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ. ಬಾಯಲ್ಲಿ ಒಂದೇ ಅಲ್ಲ. ನಾನು ಬಂದದ್ದಾದರೆ ಕೊನೆಯ ಎ ಸ್ವಲ್ಪ ಅಗಲ, ಬಾಯಿ ಒಂದಿಷ್ಟು ಜಾಸ್ತಿ ತೆರೆಯುತ್ತದೆ. ಅವನು ಬಂದದ್ದಾದರೆ ಮಾಮೂಲಿ ಎ. ಯಾರು ಬಂದರು ಎನ್ನುವ ಇಡೀ ಸಂಗತಿ ದವಡೆಯ ಆ ಒಂದು ಸಣ್ಣ ಅಲುಗಾಟದಲ್ಲಿ ಉಂಟು. ನಮ್ಮ ಮನೆಯ ನಾಲ್ಕು ವರ್ಷದ ಮಗುವಿಗೆ ಇದು ಗೊತ್ತು. ಎಂಜಿನಿಯರಿಂಗ್ ಮಾಡಿದ ನಿನಗೆ ಗೊಣಗಾಟ.

ಮಲಯಾಳಕ್ಕೂ ಇದೇ ಗತಿ. ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಎಂದು ನೀವೆಲ್ಲ ನಗುತ್ತೀರಿ. ನಾಲಿಗೆ ಮಡಚಿ ಹೇಳುವ ಅವರ ಒಂದು ಅಕ್ಷರ ನಿಮಗೆ ಯ, ಳ, ರ ಮೂರೂ ಕಲಸಿದ ಹಾಗೆ ಕೇಳುತ್ತದೆ. ಅದು ನಮ್ಮದೂ ಆಗಿತ್ತು ಮಾರಾಯ. ಹಳಗನ್ನಡದಲ್ಲಿ ಮಳೆಯನ್ನು ಮೞೆ ಎಂದು ಬರೆಯುತ್ತಿದ್ದರು, ಬಾಳೆಯನ್ನು ಬಾೞೆ, ಕೋಳಿಯನ್ನು ಕೋೞಿ. ನಾವು ಆ ೞ ಬಿಟ್ಟು ಳ ಹಿಡಿದೆವು. ಅವರು ಅದನ್ನು ಇವತ್ತಿಗೂ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದಾರೆ. ನಾವು ಕಳೆದುಕೊಂಡದ್ದನ್ನು ಬೇರೆಯವರ ಬಾಯಲ್ಲಿ ಕೇಳಿ ನಗುವುದು ಎಂಥ ಜಾಣತನ?

ಹೀಗೆ ನಗುವುದು ಹೊಸದೇನಲ್ಲ ಬಿಡು. ಸಂಸ್ಕೃತದಲ್ಲಿ ಮ್ಲೇಚ್ಛ ಎನ್ನುವ ಧಾತುವಿಗೆ ಅಸ್ಪಷ್ಟವಾಗಿ ಮಾತಾಡು ಎಂದೇ ಅರ್ಥ. ಅಸುರರು 'ಹೇ ಅರಯಃ' ಎಂದು ಶತ್ರುಗಳನ್ನು ಕೂಗುವ ಬದಲು ರಕಾರ ತಪ್ಪಿ 'ಹೇಲಯಃ' ಎಂದು ಕೂಗಿ ಸೋತರು ಎಂಬ ಕಥೆ ಪತಂಜಲಿಯ ಮಹಾಭಾಷ್ಯದಲ್ಲಿ ಉಂಟು. ರ ಇರುವಲ್ಲಿ ಲ ಅಂದದ್ದಕ್ಕೆ ಸೋಲು! ಲ ಇರುವಲ್ಲಿ ರ ಹಾಕಿ ಕಾಲಿಗೆ ಕಾರ್ ಅನ್ನುವ ನಾವು ಯಾವ ಲೆಕ್ಕ?

ಸರಿ, ನಾನು ದಿನಾ ಗುದ್ದಾಡುವ ವಿಷಯಕ್ಕೆ ಬರುತ್ತೇನೆ. ಆ ಅರ್ಧ ಉಕಾರ ಬಾಯಲ್ಲಿ ಇರುವಷ್ಟು ಹೊತ್ತು ಏನೂ ತೊಂದರೆ ಇಲ್ಲ. ಕಾಗದಕ್ಕೆ ಇಳಿದರೆ ಮುಗಿಯಿತು.

ನಮ್ಮ ಮನೆ ಹೆಸರಿನ ಕೊನೆಗೆ ಪಡ್ಪು ಅಂತ ಉಂಟು. ಶಾಲೆಯ ಸರ್ಟಿಫಿಕೇಟಿನಲ್ಲಿ ಕನ್ನಡದ ಮೇಷ್ಟ್ರು ನೀಟಾಗಿ 'ಪಡ್ಪು' ಎಂದು ಬರೆದಿದ್ದಾರೆ, ಇಂಗ್ಲಿಷಿನಲ್ಲಿ ಕೊನೆಗೆ ಯು ಉಂಟು. ರೇಷನ್ ಕಾರ್ಡಿನವರು ಮಲಯಾಳದಲ್ಲಿ ಬರೆಯುವಾಗ ಉಕಾರದ ಕೊಂಬು ಹಾಕಲಿಲ್ಲ. ಅವರ ಕಿವಿಗೆ ಕೇಳಿಸಿದ್ದು ಅರ್ಧ ಉ. ಅದಕ್ಕೆ ಅಕ್ಷರದ ಮೇಲೆ ಚಂದ್ರಕ್ಕಲ ಎಂಬ ಒಂದು ಪುಟ್ಟ ಅರ್ಧಚಂದ್ರ ಇಟ್ಟರು. ಅವರ ಭಾಷೆಯ ಲೆಕ್ಕದಲ್ಲಿ ಅದು ಸರಿಯೇ, ನಾನು ಜಗಳ ಮಾಡುವ ಹಾಗಿಲ್ಲ. ಇನ್ನೊಬ್ಬರು ಆ ಕಾರ್ಡು ನೋಡಿ ಇಂಗ್ಲಿಷಿಗೆ ಇಳಿಸಿದರು. ಅರ್ಧಚಂದ್ರಕ್ಕೆ ಇಂಗ್ಲಿಷಿನಲ್ಲಿ ಅಕ್ಷರ ಇಲ್ಲವಲ್ಲ, ಹಾಗಾಗಿ ಯು ಹೋಯಿತು. ಈಗ ಆಧಾರಿನಲ್ಲಿ ನಾನು 'ಪಡ್ಪ್'. ಬ್ಯಾಂಕಿನಲ್ಲಿ 'ಪಡ್ಪು'. ಜಾಗದ ಕಾಗದದಲ್ಲಿ ಅಪ್ಪ 'ಪಡ್ಪ', ಅದು ಹೇಗೆ ಬಂತೆಂದು ದೇವರಿಗೇ ಗೊತ್ತು.

ಹೀಗಾದರೆ ಏನು ಮಾಡಬೇಕು ಗೊತ್ತಾ? ವಿಲೇಜ್ ಆಫೀಸಿನಿಂದ ಈ ಇಬ್ಬರೂ ಒಬ್ಬರೇ ಎಂದು ಒಂದು ಸರ್ಟಿಫಿಕೇಟ್ ತರಬೇಕು. ತಮಾಷೆ ಅಲ್ಲ, ಕೇರಳದಲ್ಲಿ ಅದಕ್ಕೆ 'ವನ್ ಆ್ಯಂಡ್ ದಿ ಸೇಮ್' ಸರ್ಟಿಫಿಕೇಟ್ ಅಂತಲೇ ಹೆಸರು. ನಾನು ನಾನೇ ಎಂದು ಸರಕಾರ ಸೀಲು ಹಾಕಿ ಕೊಡುತ್ತದೆ. ನನ್ನ ಹತ್ತಿರ ಮೂರು ಉಂಟು. ಒಂದು ಕಡೆ ಕೊಟ್ಟದ್ದು ಇನ್ನೊಂದು ಕಡೆ ನಡೆಯುವುದಿಲ್ಲ, ಹಳತಾದರೆ ಹೊಸತು ಬೇಕು.

ಮನುಷ್ಯರಿಗೆ ಮಾತ್ರ ಅಲ್ಲ, ಊರಿಗೂ ಇದೇ ಆಗಿದೆ. ಕಾಸರಗೋಡು ಅವರ ಅಕ್ಷರದಲ್ಲಿ ಕಾಸರ್‌ಗೋಡ್. ನಮ್ಮ ಹೊಸದುರ್ಗ ತಾಲೂಕು ಸರಕಾರಿ ಬೋರ್ಡಿನಲ್ಲಿ ಹೊಸ್‌ದುರ್ಗ್. ಮಂಜೇಶ್ವರಕ್ಕೆ ಮಾತ್ರ ಬಾಲ ಹೋಗುವ ಬದಲು ಬಂತು, ಮಂಜೇಶ್ವರಂ. ಗೋವಿಂದ ಪೈಗಳ ಊರಿಗೆ ಒಂದು ಸೊನ್ನೆ ಉಡುಗೊರೆ.

ಇಲ್ಲಿ ಗೊಣಗುವುದರ ಎರಡನೇ ಮುಖ ಬರುತ್ತದೆ. 1956ರ ನವೆಂಬರ್ 1ರಂದು ನೀವೆಲ್ಲ ಒಂದಾದಿರಿ. ಅದೇ ದಿನ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ನಾವು ಕೇರಳಕ್ಕೆ ಸೇರಿದೆವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಿತು. ವರದಿ ಕಪಾಟಿನಲ್ಲಿ ಕೂತಿತು, ಹೊಳೆ ಅದರಷ್ಟಕ್ಕೆ ಹರಿಯಿತು. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಳ್ಳುವವರೆಗೂ ಇದನ್ನೇ ಹೇಳಿದರು, ಅದೂ ಗಟ್ಟಿ ಗಂಟಲಿನಲ್ಲಿ. ಕೇಳಿಸಿಕೊಳ್ಳುವ ಜಾಗ ತಿರುವನಂತಪುರದಲ್ಲಿ, ಐನೂರು ಕಿಲೋಮೀಟರ್‌ಗೂ ಜಾಸ್ತಿ ದೂರ ಇದ್ದರೆ ಎಷ್ಟು ಗಟ್ಟಿ ಹೇಳಿದರೂ ಅಲ್ಲಿಗೆ ಮುಟ್ಟುವಾಗ ಗೊಣಗಾಟವೇ ಆಗಿರುತ್ತದೆ. ಬೆಂಗಳೂರಿಗೂ ಅಷ್ಟೇ, ಕೋಪ ಮಾಡಬೇಡ. ನವೆಂಬರ್ ಬಂದಾಗ ಮಾತ್ರ ನಿಮಗೆ ನಾವು ಸ್ಪಷ್ಟವಾಗಿ ಕೇಳಿಸುತ್ತೇವೆ.

ಹೋದ ವರ್ಷ ನಿನ್ನ ಊರಿನಲ್ಲೇ ಒಂದು ಅಂಗಡಿಯಲ್ಲಿ ನಾನು ಮಾತಾಡಿದ್ದು ಕೇಳಿ ಒಬ್ಬರು "ಕೇರಳದವರಾ? ಕನ್ನಡ ತುಂಬ ಚೆನ್ನಾಗಿ ಕಲಿತಿದ್ದೀರಿ" ಅಂದರು. ಹೊಗಳಿಕೆ ಎಂದೇ ಹೇಳಿದ್ದು, ಪಾಪ. ನಾನು ಥ್ಯಾಂಕ್ಸ್ ಅಂದೆ. ರಸ್ತೆಗೆ ಬಂದ ಮೇಲೆ ಏನೇನು ಅಂದೆ ಎನ್ನುವುದು ಬೇಡ. ಅದು ನಿಜವಾದ ಗೊಣಗಾಟ, ಒಪ್ಪುತ್ತೇನೆ.

ನಾವು ಸುಮ್ನೆ ಕೂತವರಲ್ಲ ಎನ್ನುವುದೂ ನಿನಗೆ ಗೊತ್ತಿರಲಿ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ತಿರುವನಂತಪುರದ ಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಅವತ್ತು ನಮ್ಮ ಮೊಬೈಲುಗಳಲ್ಲೆಲ್ಲ ಅದೇ ವಿಡಿಯೋ. ಮರುದಿನ ವಿಲೇಜ್ ಆಫೀಸಿನ ಫಾರಂ ಮಾತ್ರ ಮಲಯಾಳದಲ್ಲೇ ಇತ್ತು.

ಮಕ್ಕಳ ಕಥೆ ಬೇರೆ. ಕನ್ನಡ ಮಾಧ್ಯಮದ ಒಂದು ಶಾಲೆಗೆ ಕನ್ನಡ ಬಾರದ ಗಣಿತದ ಮೇಷ್ಟ್ರು ಬಂದರು. ಒಳ್ಳೆಯ ಮನುಷ್ಯ, ಕಷ್ಟಪಡುತ್ತಾರೆ. ಒಂದು ದಿನ ಅವರು ಬೋರ್ಡಿನ ಮೇಲೆ ಭಾಗಾಕಾರ ಬರೆದು 'ಹರಣಂ' ಅಂದರು. ಮಲಯಾಳದಲ್ಲಿ ಭಾಗಾಕಾರಕ್ಕೆ ಅದೇ ಪದ. ನಮ್ಮ ಮನೆಯ ಹುಡುಗಿಗೆ ಗೊತ್ತಿದ್ದದ್ದು ಒಂದೇ ಹರಣ, ಸೀತೆಯದ್ದು. ಅದು ಯಕ್ಷಗಾನದಲ್ಲಿ ನೋಡಿದ್ದು. ಇಪ್ಪತ್ತನಾಲ್ಕನ್ನು ಆರು ಯಾಕೆ ಎತ್ತಿಕೊಂಡು ಹೋಗುತ್ತದೆ ಎಂದು ಸಂಜೆ ಬಂದು ಕೇಳಿದಳು. ಕ್ಲಾಸಿನಲ್ಲಿ ಯಾಕೆ ಕೇಳಲಿಲ್ಲ ಎಂದರೆ, "ಕೇಳಿದೆ, ಮೆಲ್ಲಗೆ" ಅಂದಳು.

ಆ 'ಮೆಲ್ಲಗೆ' ಉಂಟಲ್ಲ, ಅದನ್ನೇ ನೀನು ಕೇಳಿದ್ದಿರಬಹುದು. ಮಲಯಾಳದಲ್ಲಿ ಕ್ರಿಯಾಪದಕ್ಕೆ ಆಳು ನೋಡಿ ಬಾಲ ಬದಲಾಗುವುದಿಲ್ಲ. ನಾನು, ಅವನು, ಅವಳು ಯಾರು ಬಂದರೂ 'ವನ್ನು'. ಕನ್ನಡದಲ್ಲಿ ಬಂದೆ, ಬಂದ, ಬಂದಳು. ದಿನಕ್ಕೆ ನಲವತ್ತು ಸಲ ಇಲ್ಲಿಂದ ಅಲ್ಲಿಗೆ ಹಾರುವಾಗ ಯಾವ ಬಾಲ ಹಾಕುವುದೆಂದು ನಾಲಿಗೆ ಒಂದು ಕ್ಷಣ ಅನುಮಾನಿಸುತ್ತದೆ. ತಪ್ಪಾದರೆ ಎದುರಿನವರು ನಗುತ್ತಾರೆ. ಹಾಗಾಗಿ ಪದದ ತಲೆ ಜೋರಾಗಿ ಹೇಳಿ ಕೊನೆಯನ್ನು ನುಂಗುವುದು. ಮನೆಯಲ್ಲಿ ನಾವ್ಯಾರೂ ಹೀಗೆ ಮಾಡುವುದಿಲ್ಲ. ಕೌಂಟರಿನ ಎದುರು ಎಲ್ಲರೂ ಮಾಡುತ್ತೇವೆ.

ಮೊನ್ನೆಯೂ ಹೋಗಿದ್ದೆ, ನಾಲ್ಕನೇ ಸರ್ಟಿಫಿಕೇಟಿಗೆ. ಅರ್ಜಿಯನ್ನು ಕನ್ನಡದಲ್ಲಿ ಬರೆದಿದ್ದೆ. ದೂರು ದುಮ್ಮಾನವನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಬರೆದುಕೊಳ್ಳಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ನೋಡು, ಗೊಣಗುವುದಕ್ಕೂ ನಮಗೆ ವಿಧಿಯ ಬೆಂಬಲ ಉಂಟು. ಕೌಂಟರಿನವರು ಕಾಗದ ತಿರುಗಿಸಿ ನೋಡಿ, ಹಿಂದುಗಡೆ ಮಲಯಾಳದಲ್ಲಿ ಬರೆಯಿರಿ ಅಂದರು. ನಾನು 350ನೇ ವಿಧಿಯನ್ನು ಶುರು ಮಾಡಿದೆ. ಹಿಂದೆ ಎಂಟು ಜನ, ಮಧ್ಯಾಹ್ನದ ಊಟಕ್ಕೆ ಹತ್ತು ನಿಮಿಷ. ತಲೆ ಕನ್ನಡದಲ್ಲಿ ಹೊರಟ ವಾಕ್ಯ ಮಲಯಾಳಕ್ಕೆ ಬಂದು ಕೊನೆಗೆ ಅಂಗಿಯ ಗುಂಡಿಯ ಹತ್ತಿರ ನಿಂತಿತು.

"ಎಂದಾ ಪಿರುಪಿರುಕ್ಕುನ್ನದ್?" ಅಂದರು ಅವರು. ನಿನ್ನ ಪ್ರಶ್ನೆಯೇ, ಭಾಷೆ ಮಾತ್ರ ಬೇರೆ.

"ಒನ್ನುಮಿಲ್ಲ" ಅಂದೆ. ಏನೂ ಇಲ್ಲ ಎಂದು. ಆ 'ಇಲ್ಲ' ಅನ್ನುವುದು ಕನ್ನಡ, ಮಲಯಾಳ ಎರಡರಲ್ಲೂ ಒಂದೇ, ಬಾಲದ ತಂಟೆ ಇಲ್ಲ. ಅದನ್ನು ಮಾತ್ರ ಇಡೀ ಆಫೀಸಿಗೆ ಕೇಳುವ ಹಾಗೆ ಹೇಳಿದೆ.

ಹಿಂದುಗಡೆ ಮಲಯಾಳದಲ್ಲಿ ಬರೆದೂ ಕೊಟ್ಟೆ, ಉಕಾರದ ಕೊಂಬನ್ನು ಎರಡು ಸಲ ತಿದ್ದಿ ದಪ್ಪ ಮಾಡಿ. ಅವರು ಟೈಪ್ ಮಾಡಿ ರಶೀದಿ ಕೊಟ್ಟರು. ಬಸ್ಸಿನಲ್ಲಿ ಕೂತು ತೆಗೆದು ನೋಡಿದೆ. 'ಪಡ್ಪ್.' ಮೇಲೆ ಪುಟ್ಟ ಅರ್ಧಚಂದ್ರ. ಸೋಮವಾರ ಮತ್ತೆ ಹೋಗಬೇಕು.