ಕಂದು ತೊಟ್ಟಿಯ ಮೇಲೆ ಅಂಟಿಸಿದ ಚೀಟಿ

ತಂಗಿ,

ಚಿತ್ರದುರ್ಗದಿಂದ ಜರ್ಮನಿಗೆ ಬಂದು ಮೂರು ವಾರ ಆಯಿತು, ಹಸಿ ಕಸದ ಕಂದು ತೊಟ್ಟಿಗೆ ಗಾಡಿಯವರು ಚೀಟಿ ಅಂಟಿಸಿ ಕಸ ತೆಗೆಯದೆ ಹೋಗಿದ್ದಾರೆ, ಬಿಲ್ಡಿಂಗಿನವರೆಲ್ಲ ನನ್ನನ್ನೇ ನೋಡುತ್ತಾರೆ, ದಂಡ ಹಾಕುತ್ತಾರಾ ಅಕ್ಕಾ ಅಂತ ಕೇಳಿದ್ದೀಯ. ಜೊತೆಗೆ ಚಳಿ, ಭಾಷೆ, ಅಕ್ಕಿ ಬೇಳೆ ಬಗ್ಗೆಯೂ ಕೇಳಿದ್ದೀಯ.

ಅಕ್ಕಿ ಬೇಳೆ ಟರ್ಕಿಯವರ ಅಂಗಡಿಯಲ್ಲಿ ಸಿಗುತ್ತದೆ. ಚಳಿಗೆ ಒಳ್ಳೆ ಬೂಟು ತಗೋ. ಭಾಷೆಯ ಕ್ಲಾಸಿಗೆ ಈ ವಾರವೇ ಸೇರು. ಕಸದ ವಿಷಯ ಮಾತ್ರ ನಾನು ಸ್ವಲ್ಪ ಉದ್ದ ಬರೆಯಬೇಕು.

ಮೊದಲು ದಂಡದ ಭಯ ಬಿಡು. ನಿಯಮದಲ್ಲಿ ದಂಡ ಇದೆ, ಆದರೆ ಸಾಮಾನ್ಯವಾಗಿ ಮೊದಲು ಆಗುವುದು ನಿನಗೀಗ ಆಗಿರುವುದೇ: ತೊಟ್ಟಿ ಹಾಗೇ ಬಿಟ್ಟು ಹೋಗುತ್ತಾರೆ. ಒಂದೋ ತಪ್ಪು ಕಸ ಆರಿಸಿ ತೆಗೆಯಬೇಕು, ಇಲ್ಲವೇ ಮನೆ ಮಾಲೀಕರು ಬೇರೆ ಗಾಡಿ ಕರೆಸಬೇಕು. ಆ ಖರ್ಚು ಎಲ್ಲ ಮನೆಗಳ ಮೇಲೆ ಬೀಳುತ್ತದೆ. ಅದಕ್ಕೇ ಅವರು ನಿನ್ನನ್ನು ನೋಡುವುದು. 2025ರ ಮೇ 1ರಿಂದ ಹಸಿ ಕಸದ ನಿಯಮ ಇನ್ನೂ ಬಿಗಿಯಾಗಿದೆ, ತೊಟ್ಟಿಯ ಮುಚ್ಚಳ ತೆಗೆದು ನೋಡುವುದು ಜಾಸ್ತಿಯಾಗಿದೆ.

ನಿನ್ನ ತಪ್ಪು ಏನಿರಬಹುದು ಅಂತ ನನಗೆ ಗೊತ್ತು. ತರಕಾರಿ ಸಿಪ್ಪೆಯನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ, ಗಂಟು ಹಾಕಿ, ಕವರ್ ಸಮೇತ ಹಾಕಿರುತ್ತೀಯ. ಊರಲ್ಲಿ ನಾವು ಹಾಗೇ ಅಲ್ವಾ ಮಾಡುವುದು? ಇಲ್ಲಿ ಆ ಹಸಿ ಕಸ ಗೊಬ್ಬರ ಆಗುತ್ತದೆ. ಕವರ್ ಚೂರುಚೂರಾಗಿ ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ. ಮಣ್ಣಲ್ಲಿ ಕರಗುತ್ತದೆ ಅಂತ ಬರೆದು ಮಾರುವ ಕವರನ್ನೂ ಎಷ್ಟೋ ಊರುಗಳಲ್ಲಿ ಬೇಡ ಅನ್ನುತ್ತಾರೆ. ಹಳೇ ಪೇಪರಿನಲ್ಲಿ ಸುತ್ತಿ ಹಾಕು. ದೇವರ ಹೂವು ಅದರಲ್ಲೇ ಹಾಕಬಹುದು, ದಾರ ಎಳೆದು ತೆಗೆ. ಊದುಬತ್ತಿ ಬೂದಿ ಮಾತ್ರ ಬೇರೆ ಯಾವುದಕ್ಕೂ ಸೇರದ, ಉಳಿದ ಕಸದ ತೊಟ್ಟಿಗೆ.

ಹಳದಿ ತೊಟ್ಟಿಗೆ ಪ್ಯಾಕಿಂಗ್ ಮಾತ್ರ: ಮೊಸರಿನ ಡಬ್ಬಿ, ಎಣ್ಣೆಯ ಪ್ಲಾಸ್ಟಿಕ್ ಬಾಟಲಿ, ತಗಡಿನ ಡಬ್ಬ. ಒಡೆದ ಬಕೆಟ್ಟು ಪ್ಲಾಸ್ಟಿಕ್ಕೇ ಆದರೂ ಸಾಮಾನ್ಯವಾಗಿ ಅದಕ್ಕಲ್ಲ. ಡಬ್ಬಿ ತೊಳೆಯಬೇಕಿಲ್ಲ, ಚಮಚದಲ್ಲಿ ಬಳಿದು ಖಾಲಿ ಮಾಡಿದರೆ ಸಾಕು. ಮೊಸರಿನ ಮೇಲಿನ ಅಲ್ಯೂಮಿನಿಯಂ ಹಾಳೆಯನ್ನು ಪೂರ್ತಿ ಕಿತ್ತು ಬೇರೆ ಮಾಡಿ ಹಾಕು. ಅಂಗಡಿಯ ನುಣುಪು ಬಿಲ್ಲು ಸಾಮಾನ್ಯವಾಗಿ ಬಿಸಿಯಿಂದ ಅಚ್ಚಾಗುವ ಲೇಪನದ ಕಾಗದ, ಅದು ಪೇಪರಿನ ತೊಟ್ಟಿಗೆ ಹೋಗಬಾರದು. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಲೇಬೇಡ. ಸ್ವಲ್ಪ ಇದ್ದರೆ ಪೇಪರಿಗೆ ಹೀರಿಸಿ ಉಳಿದ ಕಸಕ್ಕೆ ಹಾಕು. ನೀರು, ಜ್ಯೂಸಿನ ತೆಳು ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಜಜ್ಜದೆ ಅಂಗಡಿಯ ಮೆಷಿನ್ನಿಗೆ ವಾಪಸ್ ಹಾಕು. ತೊಟ್ಟಿಗಳ ಬಣ್ಣ ಊರಿಂದ ಊರಿಗೆ ಬದಲಾಗುತ್ತದೆ. ಯಾವ ದಿನ ಯಾವ ಕಸ ಒಯ್ಯುತ್ತಾರೆ ಅಂತ ಹೇಳುವ ನಿಮ್ಮ ಊರಿನ ಕಸದ ಕ್ಯಾಲೆಂಡರ್ ಫ್ರಿಜ್ಜಿನ ಮೇಲೆ ಅಂಟಿಸಿಕೋ.

ನಾನು 2004ರ ನವೆಂಬರಿನಲ್ಲಿ ದಾವಣಗೆರೆಯಿಂದ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿಗೆ ಬಂದೆ. ಆರು ಮನೆಗಳ ಬಿಲ್ಡಿಂಗು. ನನ್ನ ಕವರುಗಳಿಂದಾಗಿ ನಮ್ಮ ಕಂದು ತೊಟ್ಟಿಯನ್ನೂ ಬಿಟ್ಟು ಹೋದರು. ಮಾರನೇ ದಿನ ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ಕೆಳಗಿನ ಮನೆಯ ಅಜ್ಜಿ ಕೈಗವಸು ಹಾಕಿಕೊಂಡು ತೊಟ್ಟಿಯೊಳಗೆ ಬಗ್ಗಿದ್ದಾರೆ. ನನ್ನ ಕವರುಗಳನ್ನು ಒಂದೊಂದಾಗಿ ಬಿಚ್ಚಿ, ಈರುಳ್ಳಿ ಸಿಪ್ಪೆ, ಹಳಸಿದ ಅನ್ನ ತೊಟ್ಟಿಗೆ ಕೊಡವಿ, ಕವರನ್ನು ಪಕ್ಕದ ಬಕೆಟ್ಟಿಗೆ ಹಾಕುತ್ತಿದ್ದಾರೆ. ಎಪ್ಪತ್ತು ದಾಟಿದ ಹೆಂಗಸು. ನಾನು ಓಡಿ ಕೆಳಗೆ ಹೋದೆ. ಅವರು ಬೈಯಲಿಲ್ಲ. ಇನ್ನೊಂದು ಜೊತೆ ಕೈಗವಸು ಕೊಟ್ಟರು ಅಷ್ಟೇ.

ಆ ಕೈ ನೋಡಿದಾಗ ನನಗೆ ನೆನಪಾದದ್ದು ಬೇರೆ ಕೈ.

ದಾವಣಗೆರೆಯ ಕೆ.ಟಿ.ಜೆ. ನಗರದ ನಮ್ಮ ಮನೆಗೆ ಕಸ ಒಯ್ಯಲು ಒಬ್ಬ ಅಕ್ಕ ಬರುತ್ತಿದ್ದಳು. ನಾನಾಗ ಆರನೇ ಕ್ಲಾಸು. ಕರೆಂಟು ಹೋದ ಒಂದು ರಾತ್ರಿ ಲಾಟೀನಿನ ಗಾಜು ಒಡೆದೆ. ಅಮ್ಮ ಬೈಯುತ್ತಾಳೆ ಅಂತ ಚೂರುಗಳನ್ನು ಕಸದ ಬಕೆಟ್ಟಿನಲ್ಲಿ ಸೌತೆಕಾಯಿ ಸಿಪ್ಪೆಯ ಕೆಳಗೆ ಮುಚ್ಚಿಟ್ಟೆ. ಬೆಳಿಗ್ಗೆ ಆ ಅಕ್ಕ ತಳಕ್ಕೆ ಅಂಟಿದ ಕಸವನ್ನು ಬರಿಗೈಯಲ್ಲಿ ಬಳಿದಳು. ಹೆಬ್ಬೆರಳಿನ ಬುಡ ಸೀಳಿತು. ಅಮ್ಮ ಅರಿಶಿನ ಒತ್ತಿ, ಹಳೇ ಸೀರೆ ಹರಿದು ಕಟ್ಟಿ, "ಇದರಲ್ಲಿ ಗಾಜು ಎಲ್ಲಿಂದ ಬಂತೇ?" ಅಂತ ನನ್ನನ್ನು ಕೇಳಿದಳು. ಗೊತ್ತಿಲ್ಲ ಅಂದೆ. ಆ ಅಕ್ಕ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಎಂಟು ದಿನ ಬರಲಿಲ್ಲ. ಆಮೇಲೆ ಅದೇ ಬಟ್ಟೆ ಕಟ್ಟಿಕೊಂಡು ಬಂದಳು, ಬಟ್ಟೆ ಕಪ್ಪಾಗಿತ್ತು.

ನಾನು ಇವತ್ತಿನವರೆಗೂ ಅವಳ ಹತ್ತಿರ ತಪ್ಪಾಯ್ತು ಅಂದಿಲ್ಲ. ಊರಿಗೆ ಹೋದಾಗ ವಿಚಾರಿಸಿದೆ. ಅಮ್ಮನಿಗೆ ಅವಳ ಹೆಸರೇ ನೆನಪಿಲ್ಲ. ನನಗೂ ಇಲ್ಲ. ಅದು ನನ್ನನ್ನು ಇನ್ನೂ ಕೊರೆಯುತ್ತದೆ.

ಹಾಗಂತ ಇಲ್ಲಿಯವರಿಗೆ ಎಲ್ಲ ಗೊತ್ತು, ನಮಗೆ ಏನೂ ಗೊತ್ತಿಲ್ಲ ಅಂತ ತಲೆ ತಗ್ಗಿಸಬೇಡ. ನಮ್ಮಜ್ಜಿ ಮನೆಯಲ್ಲಿ ಕಸ ಅಂತ ಹೊರಗೆ ಹೋಗುತ್ತಿದ್ದುದು ಎಷ್ಟು? ಕಲಗಚ್ಚು ಎಮ್ಮೆಗೆ, ಸಗಣಿ ತಿಪ್ಪೆಗೆ, ತೆಂಗಿನ ನಾರು ಪಾತ್ರೆ ತಿಕ್ಕಲು, ಒಲೆಯ ಬೂದಿಯೂ ಅದಕ್ಕೇ. ಹಾಲಿನ ಕವರು ಬಂದ ಮೇಲೆ ಅದನ್ನೂ ತೊಳೆದು, ಒಣಗಿಸಿ, ಗುಜರಿಯವನಿಗೆ ತೂಕಕ್ಕೆ ಹಾಕುತ್ತಿದ್ದರು. ಹಳೇ ಪೇಪರು ಮಂಡಕ್ಕಿ ಪೊಟ್ಟಣವಾಗಿ ವಾಪಸ್ ಬರುತ್ತಿತ್ತು. ವಿಂಗಡಣೆ ಅನ್ನುವ ಮಾತು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ನಮ್ಮ ದೇಶದಲ್ಲೂ 2016ರ ಘನತ್ಯಾಜ್ಯ ನಿಯಮದಲ್ಲೇ ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಅಂತ ಮೂರು ಮಾಡಿ ಕೊಡಬೇಕು ಅಂತ ಇತ್ತು. ಪ್ಯಾಡು, ಡೈಪರು ಬೇರೆ ಸುತ್ತಿ ಕೊಡಬೇಕು ಅಂತಲೂ ಇತ್ತು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಸುಮ್ನೆ ಯಾಕೆ? ಗಾಡಿಯಲ್ಲಿ ಎಲ್ಲಾ ಒಂದೇ ಆಗುತ್ತೆ" ಅನ್ನುತ್ತಿದ್ದಳು. ಗಾಡಿಯಲ್ಲಿ ಒಂದಾಗಲಿ ಅಮ್ಮಾ, ಆ ಗಾಡಿಗೆ ಸುರಿಯುವವರ ಕೈ ನಿನ್ನ ಬಕೆಟ್ಟಿನಲ್ಲಿ ಇರುತ್ತೆ ಅಲ್ವಾ ಅಂದೆ. ಆವತ್ತು ಲಾಟೀನಿನ ಕಥೆಯನ್ನೂ ಹೇಳಿಬಿಟ್ಟೆ. ಆ ಕಡೆಯಿಂದ ತುಂಬಾ ಹೊತ್ತು ಮಾತಿಲ್ಲ. ಈಗ ಅವಳ ಅಡುಗೆಮನೆಯಲ್ಲಿ ಎರಡು ಬಕೆಟ್ಟಿವೆ. ಗಾಜು ಒಡೆದರೆ ದಪ್ಪ ಪೇಪರಿನಲ್ಲಿ ಸುತ್ತಿ, ಗಾಡಿಯವರಿಗೆ ಹೇಳಿ, ಕೈಗೇ ಕೊಡುತ್ತಾಳೆ.

ಇಲ್ಲಿ ಗಾಜಿನ ಬಾಟಲಿಗೆ ಬೀದಿಯಲ್ಲಿ ದೊಡ್ಡ ಡಬ್ಬಗಳಿವೆ: ಬಿಳಿ, ಹಸಿರು, ಕಂದು ಗಾಜಿಗೆ ಬೇರೆ ಬೇರೆ. ಭಾನುವಾರ ಹಾಕಬೇಡ, ಸದ್ದಾಗುತ್ತದೆ ಅಂತ ಆಕ್ಷೇಪ ಬರುತ್ತದೆ. ಒಡೆದ ಕುಡಿಯುವ ಲೋಟ ಆ ಡಬ್ಬಕ್ಕಲ್ಲ, ಉಳಿದ ಕಸಕ್ಕೆ. ಸುತ್ತಿ ಹಾಕು.

ಈಗ ನೀನು ಮಾಡಬೇಕಾದದ್ದು ಇಷ್ಟು. ಕೈಗವಸು ಹಾಕಿಕೊಂಡು ಇವತ್ತೇ ಹೋಗಿ ನಿನ್ನ ಕವರುಗಳನ್ನು ತೆಗೆ. ಯಾರಾದರೂ ಬಂದರೆ ಹರುಕುಮುರುಕು ಭಾಷೆಯಲ್ಲೇ ತಪ್ಪಾಯ್ತು ಅನ್ನು, ಕಲಿಯುತ್ತಿದ್ದೇನೆ ಅನ್ನು. ನಾಚಿಕೊಂಡು ಮುಂದೂಡಬೇಡ. ಚೀಟಿಯ ಫೋಟೋ ನನಗೆ ಕಳಿಸು, ಓದಿ ಹೇಳುತ್ತೇನೆ. ಶನಿವಾರ ಬಿಡುವಿದ್ದರೆ ನಮ್ಮ ಮನೆಗೆ ಬಾ. ಅಮ್ಮ ಕಳಿಸಿದ ಮಂಡಕ್ಕಿ ಇನ್ನೂ ಅರ್ಧ ಚೀಲ ಇದೆ, ಮಿರ್ಚಿ ಕರಿಯುತ್ತೇನೆ.