ಸಾಲದ ಬಿಬಿಎ ಬೇಕೆ, ಸರ್ಕಾರಿ ಕಾಲೇಜಿನ ಬಿ.ಎ. ಸಾಕೆ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ರೈತ. ನಾಲ್ಕು ಎಕರೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತೇನೆ. ಮಗಳು ವಾಣಿಜ್ಯ ವಿಭಾಗದಲ್ಲಿ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಓದಿ ದ್ವಿತೀಯ ಪಿಯುಸಿಯಲ್ಲಿ ಶೇ 89 ಅಂಕ ಪಡೆದಿದ್ದಾಳೆ. ದಾವಣಗೆರೆಯ ಸರ್ಕಾರಿ ಕಾಲೇಜಿಗೆ ಓಡಾಡಿಕೊಂಡು ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡುತ್ತೇನೆ ಎನ್ನುತ್ತಾಳೆ. ಅವಳ ಸೋದರಮಾವ ಮಾತ್ರ ‘ಬಿ.ಎ. ಓದಿದವರಿಗೆ ಕೆಲಸ ಯಾರು ಕೊಡುತ್ತಾರೆ? ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಬಿಬಿಎಗೆ ಸೇರಿಸಿ’ ಎಂದು ಪಟ್ಟು ಹಿಡಿದಿದ್ದಾರೆ. ಹಾಸ್ಟೆಲ್ ಸೇರಿ ಮೂರು ವರ್ಷಕ್ಕೆ ಆರು ಲಕ್ಷ ರೂಪಾಯಿ ಬೇಕು. ಬ್ಯಾಂಕ್ ಸಾಲವೇ ಗತಿ. ಏನು ಮಾಡಲಿ?

ಉತ್ತರ: ನಿಮ್ಮ ಮಗಳ ಆಯ್ಕೆಯೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಆ ಬಿ.ಎ. ಪದವಿಯನ್ನು ಹೇಗೆ ಓದುತ್ತಾಳೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಸಾಲದ ಲೆಕ್ಕ ನೋಡೋಣ. ಆರು ಲಕ್ಷವನ್ನು ವರ್ಷಕ್ಕೆ ಎರಡು ಲಕ್ಷದಂತೆ ಶೇ 10ರ ಬಡ್ಡಿಗೆ ಪಡೆದಿರಿ ಎಂದುಕೊಳ್ಳಿ. ಓದಿನ ಮೂರು ವರ್ಷ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಸರಳ ಬಡ್ಡಿ ಹಿಡಿದರೂ ಆ ಹೊತ್ತಿಗೆ ಸಾಲ 7.8 ಲಕ್ಷ ಆಗಿರುತ್ತದೆ. ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,300 ರೂಪಾಯಿ ಕಂತು. ಒಟ್ಟು ಕಟ್ಟುವುದು 12 ಲಕ್ಷಕ್ಕೂ ಹೆಚ್ಚು. ಮಗಳಿಗೆ ಮೊದಲ ಕೆಲಸದಲ್ಲಿ 20 ಸಾವಿರ ಸಂಬಳ ಬಂತು ಎಂದುಕೊಂಡರೆ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಗುತ್ತದೆ. ಉಳಿದದ್ದರಲ್ಲಿ ಬೆಂಗಳೂರಿನ ಬಾಡಿಗೆ, ಊಟ, ಓಡಾಟ ಆಗಬೇಕು. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಜಮೀನಿನ ಅಡಮಾನ ಕೇಳುವುದಿಲ್ಲ ಎಂಬುದು ನಿಜ. ಆದರೆ ಸಹ ಸಾಲಗಾರರಾಗಿ ನೀವು ಸಹಿ ಹಾಕಿರುತ್ತೀರಿ. ಕಂತು ತಪ್ಪಿದರೆ ನಾಳೆ ನಿಮಗೆ ಬೇಕಾದ ಸಾಲಕ್ಕೂ ಅಡ್ಡಿಯಾಗಬಹುದು.

ಇಷ್ಟಾದ ಮೇಲೂ ಬಿಬಿಎ ಓದಿದವರು ಅಲ್ಲಿಗೇ ನಿಲ್ಲುವುದು ಕಷ್ಟ. ವ್ಯವಹಾರ ನಿರ್ವಹಣೆಯಲ್ಲಿ ಮೇಲೇರಬೇಕೆಂದರೆ ಹೆಚ್ಚಿನವರು ಎಂಬಿಎ ಮಾಡುತ್ತಾರೆ. ಅಂದರೆ ಇನ್ನೊಂದು ಸುತ್ತಿನ ಖರ್ಚು. ಆ ಎಂಬಿಎಗೆ ಬಿಬಿಎಯೇ ಆಗಿರಬೇಕೆಂಬ ನಿಯಮವಿಲ್ಲ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಆಗಲಿ, ಐಐಎಂಗಳ ಪ್ರವೇಶ ಪರೀಕ್ಷೆ ಕ್ಯಾಟ್ ಆಗಲಿ, ಯಾವುದೇ ವಿಷಯದ ಪದವೀಧರರು ಶೇ 50 ಅಂಕವಿದ್ದರೆ ಬರೆಯಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 45 ಸಾಕು. ಅರ್ಥಶಾಸ್ತ್ರ ಓದಿ ಎಂಬಿಎಗೆ ಹೋಗುವ ದಾರಿ ಪೂರ್ತಿ ತೆರೆದಿದೆ. ಬಿಬಿಎ ಓದಿ ಒಳ್ಳೆಯ ಕಡೆ ಅರ್ಥಶಾಸ್ತ್ರದ ಎಂ.ಎ. ಸೇರುವುದು ಅಷ್ಟು ಸುಲಭವಲ್ಲ. ಹಣ ಖರ್ಚು ಮಾಡಲೇಬೇಕೆಂದರೆ ಮಗಳಿಗೆ ತನ್ನ ಒಲವು ಸ್ಪಷ್ಟವಾದ ಮೇಲೆ, ಎರಡನೇ ಪದವಿಗೆ ಮಾಡಿ. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲೇ ಎಂಬಿಎ, ಅರ್ಥಶಾಸ್ತ್ರದ ಎಂ.ಎ. ಎರಡೂ ಇವೆ.

ಅವಳ ಸೋದರಮಾವನ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಪರೀಕ್ಷೆಯ ಹಿಂದಿನ ವಾರ ಗೈಡ್ ಹಿಡಿದು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಮುಗಿಸಿದ ಬಿ.ಎ. ಪದವಿಯಿಂದ ಕೆಲಸ ಸಿಗುವುದು ಕಷ್ಟ. ಇಂದು ಅರ್ಥಶಾಸ್ತ್ರದ ಬೆನ್ನೆಲುಬು ಅಂಕಿಅಂಶ. ನಿಮ್ಮ ಮಗಳು ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಓದಿರುವುದು ದೊಡ್ಡ ಬಲ, ಅದನ್ನು ಕೈಬಿಡಬಾರದು. ಅರ್ಥಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರ ಸಿಗುವ ವಿಷಯ ಸಂಯೋಜನೆ ಯಾವ ಕಾಲೇಜಿನಲ್ಲಿದೆ ಎಂದು ಅರ್ಜಿ ಹಾಕುವ ಮೊದಲು ವಿಚಾರಿಸಿ. ಎಲ್ಲಿಯೂ ಸಿಗದಿದ್ದರೆ ಕೇಂದ್ರ ಸರ್ಕಾರದ ‘ಸ್ವಯಂ’ ತಾಣದಲ್ಲಿ ಸಂಖ್ಯಾಶಾಸ್ತ್ರ ಮತ್ತು ಗಣಿತದ ಪಾಠಗಳನ್ನು ಉಚಿತವಾಗಿ ಕೇಳಬಹುದು. ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ. ಎಕ್ಸೆಲ್ ಕೈಗೆ ಹತ್ತಬೇಕು. ಇಂಗ್ಲಿಷಿನಲ್ಲಿ ಒಂದು ಪುಟದ ವರದಿ ಬರೆಯಲು ಬರಬೇಕು.

ಮನೆಯ ಹೊಲವೇ ಅವಳ ಮೊದಲ ಪಾಠವಾಗಲಿ. ಕೇಂದ್ರ ಸರ್ಕಾರ 2025-26ರ ಮುಂಗಾರಿಗೆ ಮೆಕ್ಕೆಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ನೀವು ಮಾರಿದಾಗ ಎಷ್ಟು ಸಿಕ್ಕಿತು? ಕೋಳಿ ಆಹಾರ, ಪಿಷ್ಟ, ಎಥೆನಾಲ್ ಕಾರ್ಖಾನೆಗಳ ಬೇಡಿಕೆ ಏರಿಳಿದಾಗ ದಾವಣಗೆರೆ ಎಪಿಎಂಸಿಯ ದರ ಹೇಗೆ ಬದಲಾಗುತ್ತದೆ? ಒಂದು ಹಂಗಾಮಿನ ದಿನದ ದರಗಳನ್ನು ಬರೆದಿಟ್ಟು, ನಕ್ಷೆ ಮಾಡಿ, ಕಾರಣ ಹುಡುಕಿ ಹತ್ತು ಪುಟ ಬರೆದರೆ ಸಂದರ್ಶನದಲ್ಲಿ ತೋರಿಸಲು ಅವಳ ಬಳಿ ಸ್ವಂತ ಕೆಲಸವೊಂದು ಇರುತ್ತದೆ. ಇದನ್ನು ನಾನು ತುಂಬ ಗಂಭೀರವಾಗಿ ಹೇಳುತ್ತಿದ್ದೇನೆ. ಈ ಅನುಕೂಲ ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಅವಳಿಗೆ ಸಿಗುವುದಿಲ್ಲ.

ಮುಂದೆ ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸ್ನಾತಕೋತ್ತರ ಓದಿಗೆ ಪ್ರಯತ್ನಿಸಬಹುದು. ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆದು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೂ ಹೋಗಬಹುದು. ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕೇಬೇಕು. ಬ್ಯಾಂಕ್ ಪರೀಕ್ಷೆಗಳಿಗೆ ಯಾವ ಪದವಿಯಾದರೂ ನಡೆಯುತ್ತದೆ.

ಓಡಾಟದ ಖರ್ಚಿನ ಚಿಂತೆ ಬೇಡ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವಳಿಗೆ ಪ್ರಯಾಣ ಉಚಿತ. ದಿನವೂ ಬಸ್ಸಿನಲ್ಲಿ ಕಳೆಯುವ ಸಮಯ ಮಾತ್ರ ಭಾರವಾಗಬಹುದು. ದಾವಣಗೆರೆಯ ಸರ್ಕಾರಿ ವಿದ್ಯಾರ್ಥಿನಿಲಯಕ್ಕೂ ಅರ್ಜಿ ಹಾಕಿಡಿ.

ಮಗಳೇ ಮನಸ್ಸು ಬದಲಿಸಿ ಬಿಬಿಎ ಬೇಕೆಂದರೆ ಮೊದಲು ದಾವಣಗೆರೆಯ ಕಾಲೇಜುಗಳಲ್ಲೇ ಶುಲ್ಕ ವಿಚಾರಿಸಿ. ಬೆಂಗಳೂರೇ ಆಗಬೇಕೆಂದಾದರೆ ಆ ಕಾಲೇಜಿಗೆ ನೀವೇ ಹೋಗಿ ಕೇಳಿ: ಕಳೆದ ವರ್ಷ ತೇರ್ಗಡೆಯಾದವರಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಯಾವ ಹುದ್ದೆ, ಕಮಿಷನ್ ಬಿಟ್ಟು ಕೈಗೆ ಬರುವ ಸಂಬಳ ಎಷ್ಟು? 2024-25ರಿಂದ ಬಿಬಿಎ ಕೋರ್ಸ್‌ಗಳು ತಾಂತ್ರಿಕ ಶಿಕ್ಷಣದ ಮೇಲ್ವಿಚಾರಣೆ ನಡೆಸುವ ಕೇಂದ್ರ ಸಂಸ್ಥೆ ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಅದರ ಅನುಮೋದನೆ ಇದೆಯೇ ಎಂದೂ ನೋಡಿ. ಬಡ್ಡಿ ರಿಯಾಯಿತಿಯ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಆಯ್ದ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಆ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇಲ್ಲದಿದ್ದರೆ, ಕೆಲಸ ಸಿಕ್ಕವರ ವಿವರವನ್ನು ಲಿಖಿತವಾಗಿ ಕೊಡಲು ಅವರು ಹಿಂಜರಿದರೆ, ಮುಂಗಡ ಕಟ್ಟದೆ ಮರಳಿ ಬನ್ನಿ.