ಗಿಲಾವು ಕೆಲಸಕ್ಕೆ ಹೊಸ ಸಾಮಾನು ತಗೊಂಡರೆ ಕೈ ಬೇಗ ಓಡುತ್ತದಾ?

ಕೆಲವು ಸಾಮಾನಿನಿಂದ ಓಡುತ್ತದೆ. ಆದರೆ ನೀವು ವಿಡಿಯೋ ನೋಡಿ ಆಸೆಪಟ್ಟ ಮೂರರಲ್ಲಿ ಒಂದಕ್ಕೆ ಮಾತ್ರ ಈಗ ದುಡ್ಡು ಹಾಕಿ ಅನ್ನುತ್ತೇನೆ.

ನೀವು ಬರೆದಿದ್ದು ಇಷ್ಟು: ಸೇಡಂ ಕಡೆ ಕಾಕಾನ ಕೈಕೆಳಗೆ ಗೌಂಡಿ ಕೆಲಸ ಕಲಿಯುತ್ತಿದ್ದೀರಿ, ಗೋಡೆ ಪ್ಲಾಸ್ಟರಿಗೆ ಕೈ ನಿಧಾನ, ಮಟ್ಟವೂ ಪೂರಾ ಕೂಡುತ್ತಿಲ್ಲ. ಮೂರು ನಾಲ್ಕು ಅಡಿ ಉದ್ದದ ಫಿನಿಶಿಂಗ್ ಬ್ಲೇಡು, ಗೋಡೆಯ ಮೇಲೆ ಬೆಳಕಿನ ನೇರ ಗೆರೆ ಬಿಡುವ ಲೇಸರ್ ಲೆವೆಲ್, ಮಾಲು (ಕಲಸಿದ ಸಿಮೆಂಟ್ ಮರಳು) ಸಿಂಪಡಿಸುವ ಗನ್ ತಗೊಂಡರೆ ವೇಗವೂ ಬರುತ್ತದಾ, ಕಸುಬೂ ಸುಧಾರಿಸುತ್ತದಾ ಅಂತ ಪ್ರಶ್ನೆ. ಕಾಕಾ ಮಾತ್ರ “ಕರಣಿ ಹಿಡಿಯಾಕ ಬರ್ಲಾರದವಗ ಮಷಿನ್ ಯಾಕ ಬೇಕು” ಅಂತ ನಗುತ್ತಾರೆ. ನಾನು ಕಲಬುರಗಿಯವನು, ಕರಣಿ ಹಿಡಿದೇ ಶುರು ಮಾಡಿ ಈಗ ಸಣ್ಣಪುಟ್ಟ ಗುತ್ತಿಗೆ ಹಿಡಿಯುತ್ತೇನೆ. ಕಾಕಾನ ಮಾತು ಅರ್ಧ ಖರೆ ಅದ.

ವೇಗದ ಲೆಕ್ಕ ಮೊದಲು ನೋಡೋಣ. ಒಬ್ಬ ಗೌಂಡಿ ದಿನಕ್ಕೆ 8ರಿಂದ 10 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ 100 ಚದರ ಅಡಿ ಪ್ಲಾಸ್ಟರ್ ಮುಗಿಸುತ್ತಾನೆ ಅಂತ ಎಸ್ಟಿಮೇಟ್ ಮಾಡುವವರು ಹಿಡಿಯುತ್ತಾರೆ. ಗುತ್ತಿಗೆ ಮೇಲೆ ದುಡಿಯುವವರು ಇದಕ್ಕಿಂತ ಬಹಳ ಹೆಚ್ಚು ಎಳೆಯುತ್ತಾರೆ, ಆ ಮಾತು ಬೇರೆ. ಈ 100 ಚದರ ಅಡಿಗೆ 12 ಮಿ.ಮೀ. ದಪ್ಪ ಬಳಿದರೆ ಗೋಡೆಗೆ ಹತ್ತುವ ಮಾಲು, ಕೆಳಗೆ ಉದುರುವುದೂ ಸೇರಿ, ಕಾಲು ಟನ್ ತೂಗುತ್ತದೆ. ಅಷ್ಟಕ್ಕೂ ಮರಳು ಸೋಸಬೇಕು, ಕಲಸಬೇಕು, ಬುಟ್ಟಿ ತುಂಬಿ ಮೇಲೆ ಕೊಡಬೇಕು. ನೀರು ಬಿದ್ದ ಮಾಲನ್ನು ಅರ್ಧ ಗಂಟೆಯೊಳಗೆ ಗೋಡೆಗೆ ಹಚ್ಚಿ ಮುಗಿಸಬೇಕು, ಆದ್ದರಿಂದ ಬೆಳಿಗ್ಗೆಯೇ ಒಂದು ರಾಶಿ ಕಲಸಿ ಇಡುವ ಹಾಗೂ ಇಲ್ಲ. ನಿಧಾನವಾಗುತ್ತಿರುವ ಗೌಂಡಿಯನ್ನು ಒಂದು ತಾಸು ಸುಮ್ಮನೆ ನಿಂತು ನೋಡಿ. ಕರಣಿ ಓಡದೆ ಹೋದ ಹೊತ್ತಿಗಿಂತ ಮಾಲಿಗೆ ಕಾದ ಹೊತ್ತು, ಡ್ರಮ್ಮು ಹಲಗೆ ಸರಿಸಿದ ಹೊತ್ತು, ಕೆಳಗೆ ಇಳಿದು ಹತ್ತಿದ ಹೊತ್ತೇ ಹೆಚ್ಚು ಇರುತ್ತದೆ. ಹಾಗಾಗಿ ವೇಗಕ್ಕೆ ಅಂತ ನೀವು ಖರ್ಚು ಮಾಡುವ ಮೊದಲ ರೂಪಾಯಿ ಗಟ್ಟಿ ಅಟ್ಟಕ್ಕೆ ಹೋಗಲಿ. ಗೋಡೆಯ ಉದ್ದಕ್ಕೂ ಒಂದೇ ಎತ್ತರದಲ್ಲಿ ನಡೆದಾಡುವಂಥ ಅಟ್ಟ, ಮಾಲು ಸುರಿಯಲು ಸೊಂಟದ ಎತ್ತರದಲ್ಲಿ ಒಂದು ತಗಡಿನ ಟ್ರೇ. ಬಗ್ಗಿ ಬಗ್ಗಿ ಮಾಲು ಎತ್ತುವ ಬೆನ್ನು ಮಧ್ಯಾಹ್ನದ ಮೇಲೆ ಯಾವ ಬ್ಲೇಡಿಗೂ ಕೇಳುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಅದೇ 100 ಚದರ ಅಡಿಯಲ್ಲಿ ದಪ್ಪ ಒಂದು ಮಿ.ಮೀ. ಹೆಚ್ಚಾದರೆ ಸುಮಾರು 20 ಕಿಲೋ ಮಾಲು ಹೆಚ್ಚು. ಗೋಡೆ ಕಟ್ಟುವಾಗ ಗುಂಡು (ನೇರ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ತೂಕ) ತಪ್ಪಿ ಒಂದು ತುದಿಗೆ 10 ಮಿ.ಮೀ. ವಾಲಿತು ಅಂದರೆ ಅದನ್ನು ಸರಿ ಮಾಡಲು ನೀವು ಕ್ವಿಂಟಲ್ ಹತ್ತಿರ ಮಾಲು ದಂಡ ಕಟ್ಟುತ್ತೀರಿ. ಇಂಥ ಗೋಡೆಗೆ ನೀವು ನಿಧಾನ ಅಂತ ಬೈಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ಕಟ್ಟಿದವನನ್ನು ಕೇಳಬೇಕು.

ಲೇಸರಿಗೆ ನಾನು ಹೂಂ ಅನ್ನುವುದು ಇದೇ ಕಾರಣಕ್ಕೆ. ಗುಂಡು ಬಿಟ್ಟು, ದಾರ ಕಟ್ಟಿ, ಬುಲ್ ಮಾರ್ಕ್ (ಪ್ಲಾಸ್ಟರಿನ ದಪ್ಪ ತೋರಿಸಲು ಗೋಡೆಗೆ ಮೊದಲೇ ಹಚ್ಚುವ ಮಾಲಿನ ಗುರುತು) ಹಾಕಲು ಒಂದು ಕೋಣೆಗೆ ಹಿಡಿಯುವ ಹೊತ್ತು ಲೇಸರಿನಿಂದ ಬಹಳ ಕಡಿಮೆಯಾಗುತ್ತದೆ. ಬಾಗಿಲ ಮೇಲಿನ ಗೆರೆ, ಕಿಟಕಿಯ ಕೆಳಗಿನ ಗೆರೆ, ಮೂಲೆಯ ತೊಂಬತ್ತು ಡಿಗ್ರಿ ಎಲ್ಲವೂ ಒಂದೇ ಸಲ ಕಾಣುತ್ತವೆ. ಗೋಡೆ ಎಲ್ಲಿ ಉಬ್ಬಿದೆ ಅಂತ ಮಾಲು ಹಚ್ಚುವ ಮೊದಲೇ ಗೊತ್ತಾದರೆ ಆ ಉಬ್ಬನ್ನು ಉಳಿಯಿಂದ ಕೆತ್ತಿ ತೆಗೆದು ಇಡೀ ಗೋಡೆಯ ದಪ್ಪ ಉಳಿಸಬಹುದು. ತಗೊಳ್ಳುವುದಾದರೆ ಹಸಿರು ಗೆರೆಯದು ತಗೊಳ್ಳಿ, ಕೆಂಪು ಗೆರೆ ಹಗಲಲ್ಲಿ ಕೋಣೆಯೊಳಗೂ ಮಸುಕು. ಹೊರಗೋಡೆಗೆ ನಮ್ಮ ಬಿಸಿಲಿನಲ್ಲಿ ಎರಡೂ ಕಾಣುವುದಿಲ್ಲ, ಅಲ್ಲಿ ಗುಂಡು ಮತ್ತು ದಾರವೇ ಗತಿ. ಮತ್ತೆ, ಒಮ್ಮೆ ಅಟ್ಟದ ಮೇಲಿಂದ ಬಿದ್ದ ಲೇಸರನ್ನು ಗುಂಡಿನ ದಾರಕ್ಕೆ ಹೋಲಿಸಿ ನೋಡದೆ ನಂಬಬೇಡಿ. ಅದು ಸುಳ್ಳು ಹೇಳಿದರೂ ಅಷ್ಟೇ ನೇರವಾದ ಗೆರೆಯಲ್ಲೇ ಹೇಳುತ್ತದೆ.

ಉದ್ದ ಬ್ಲೇಡಿನ ವಿಷಯದಲ್ಲಿ ವಿಡಿಯೋದವರು ನಿಮಗೆ ಮೋಸ ಮಾಡಿಲ್ಲ, ಅವರ ಗೋಡೆ ಬೇರೆ ಅಷ್ಟೇ. ಬ್ರಿಟನ್ನಿನ ಕಡೆ ಅವರು ಕೊನೆಗೆ ಬಳಿಯುವುದು ಜಿಪ್ಸಮ್, ಅದೂ ಎರಡು ಮೂರು ಮಿ.ಮೀ. ತೆಳು ಪದರ. ಅದರಲ್ಲಿ ಮರಳಿನ ಕಾಳು ಇಲ್ಲ. ಬೆಣ್ಣೆಯಂಥ ಆ ಪದರದ ಮೇಲೆ ಉದ್ದನೆಯ ತೆಳು ಬ್ಲೇಡು ಎಳೆದರೆ ಸಣ್ಣ ಕರಣಿ ಬಿಟ್ಟ ಗೀರು, ತಗ್ಗು ಎಲ್ಲ ಒಂದೇ ಏಟಿಗೆ ಮುಚ್ಚಿಹೋಗುತ್ತವೆ. ನಾವು ಬಳಿಯುವುದು ಒಂದಕ್ಕೆ ಆರು ಸಿಮೆಂಟ್ ಮರಳು. ಬ್ಲೇಡಿನ ಕೆಳಗೆ ಒಂದು ದಪ್ಪ ಕಾಳು ಸಿಕ್ಕರೆ ಈ ತುದಿಯಿಂದ ಆ ತುದಿಗೆ ಗೀರು ಬೀಳುತ್ತದೆ, ಕಾಳಿಗೆ ಉಜ್ಜಿ ಉಜ್ಜಿ ಬ್ಲೇಡಿನ ಅಂಚೂ ಬೇಗ ಹಾಳು. ಸಿಮೆಂಟ್ ಪ್ಲಾಸ್ಟರಿಗೆ ಮಾಲನ್ನು ಮಟ್ಟಕ್ಕೆ ಎಳೆಯುವ ಅಲ್ಯುಮಿನಿಯಂ ಪಟ್ಟಿ, ಆಮೇಲೆ ಕಟ್ಟಿಗೆಯ ಉಜ್ಜುಹಲಗೆ, ಇವೇ ಸರಿಯಾದ ಸಾಮಾನು. ಆದರೆ ಕಲಬುರಗಿಯ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಒಳಗೋಡೆಗೆ ಜಿಪ್ಸಮ್ ಕೇಳುವವರು ಈಗ ಇದ್ದಾರೆ, ಪುಟ್ಟಿ ಕೆಲಸವಂತೂ ಎಲ್ಲ ಕಡೆ ಇದೆ. ಆ ಕೆಲಸಕ್ಕೆ ಇಳಿದರೆ ಆಗ ಬ್ಲೇಡು ತಗೊಳ್ಳಿ, ದುಡ್ಡು ವಾಪಸ್ ಬರುತ್ತದೆ. ಜಿಪ್ಸಮ್ ಅರ್ಧ ಗಂಟೆಯಲ್ಲೇ ಬಿಗಿಯುತ್ತದೆ, ನೀರು ಹೊಡೆಯುವ ಕೆಲಸವೂ ಇಲ್ಲ. ಬಚ್ಚಲಿಗೂ ಹೊರಗೋಡೆಗೂ ಮಾತ್ರ ಅದು ಬೇಡ.

ಗನ್ ಈಗ ಬೇಡ. ಅದಕ್ಕೆ ಕಂಪ್ರೆಸರ್ ಬೇಕು, ಕಂಪ್ರೆಸರಿಗೆ ಕರೆಂಟ್ ಬೇಕು, ಮರಳು ನುಣ್ಣಗೆ ಸೋಸಿರಬೇಕು. ಅದು ಮಾಲು ಎಸೆಯುವ ವೇಗಕ್ಕೆ ಹಿಂದಿನಿಂದ ಪಟ್ಟಿ ಎಳೆಯುವವರು ಮೂರು ನಾಲ್ಕು ಮಂದಿ ಇಲ್ಲದಿದ್ದರೆ ಎಸೆದದ್ದೆಲ್ಲ ಗೋಡೆಯ ಮೇಲೇ ಬಿಗಿದುಕೊಳ್ಳುತ್ತದೆ. ಊಟಕ್ಕೆ ಹೋಗುವಾಗ ತೊಳೆಯದೆ ಬಿಟ್ಟರೆ ಬರುವಷ್ಟರಲ್ಲಿ ಬಾಯಿ ಕಟ್ಟಿರುತ್ತದೆ. ನೀವು, ಕಾಕಾ, ಇಬ್ಬರು ಲೇಬರ್ ಇರುವ ಗ್ಯಾಂಗಿಗೆ ಅದು ಹೊರೆ. ಒಂದು ಕೆಲಸಕ್ಕೆ ಮಾತ್ರ ನಾನು ಅದನ್ನು ಮೆಚ್ಚುತ್ತೇನೆ: ಸ್ಲ್ಯಾಬಿನ ತಳ, ಕಾಲಮ್ಮು, ಶಹಾಬಾದ್ ಕಲ್ಲಿನ ಗೋಡೆ ಇಂಥ ನುಣುಪು ಮೈಗೆ ಮೊದಲು ತೆಳ್ಳಗೆ ಸಿಮೆಂಟ್ ಮರಳು ಚಿಮ್ಮಿಸಿ ಒರಟು ಮಾಡಲು. ಜೋರಾಗಿ ಬಂದು ಬಡಿದ ಮಾಲು ಚೆನ್ನಾಗಿ ಹಿಡಿಯುತ್ತದೆ. ಅಂಥ ದೊಡ್ಡ ಕೆಲಸ ಬಂದಾಗ ಬಾಡಿಗೆಗೆ ತಂದರಾಯಿತು.

ಇನ್ನು ಕಸುಬು. ನಮ್ಮ ಭಾಗದಲ್ಲಿ ಗೌಂಡಿಯ ಕೈ ಪರೀಕ್ಷೆಯಾಗುವುದು ನೀರಿನಲ್ಲಿ. ನೀವು ಇರುವ ಕಡೆ ಹಳೆ ಗೋಡೆಗಳೆಲ್ಲ ಶಹಾಬಾದ್ ಕಲ್ಲಿನವು. ಆ ಕಲ್ಲು ನೀರು ಕುಡಿಯುವುದೇ ಇಲ್ಲ ಅಂದರೂ ನಡೆಯುತ್ತದೆ. ಮಾಲು ಹಚ್ಚಿದರೆ ಬಹಳ ಹೊತ್ತು ಹಸಿಯಾಗಿಯೇ ಇದ್ದು, ದಪ್ಪ ಜಾಸ್ತಿಯಾದರೆ ಜೋತು ಕೆಳಗೆ ಬರುತ್ತದೆ. ಕಲ್ಲಿನ ಗೋಡೆ ಉಬ್ಬುತಗ್ಗು ಇರುವುದರಿಂದ ದಪ್ಪವೂ 20 ಮಿ.ಮೀ. ದಾಟುತ್ತದೆ. ಅದಕ್ಕೇ ಎರಡು ಪದರದಲ್ಲಿ ಮಾಡಬೇಕು, ಮೊದಲ ಪದರಕ್ಕೆ ಗೀರು ಎಳೆದು ಬಿಡಬೇಕು, ಕಲ್ಲಿನ ಸಂದುಗಳನ್ನು ಮೊದಲೇ ಕೆದರಿ ಇಟ್ಟಿರಬೇಕು. ಬೀದರ್ ಕಡೆ ಹೋದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಮೈತುಂಬ ತೂತು. ನೀರು ಕುಡಿಸದೆ ಮಾಲು ಹಚ್ಚಿದರೆ ನೀವು ಪಟ್ಟಿ ಎತ್ತುವಷ್ಟರಲ್ಲಿ ಮಾಲಿನ ನೀರೆಲ್ಲ ಎಳೆದುಕೊಂಡು ಒಣಗಿಸಿಬಿಡುತ್ತದೆ. ಸುಟ್ಟ ಇಟ್ಟಿಗೆ ಇವೆರಡರ ನಡುವೆ. ಸಿಮೆಂಟ್ ಬ್ಲಾಕಿಗೆ ಇಟ್ಟಿಗೆಗೆ ಸುರಿದ ಹಾಗೆ ನೀರು ಸುರಿಯಬಾರದು, ಮೈ ತೇವವಾದರೆ ಸಾಕು. ಹೆಚ್ಚು ಕುಡಿದ ಬ್ಲಾಕು ಆಮೇಲೆ ಒಣಗಿ ಕುಗ್ಗುವಾಗ ಪ್ಲಾಸ್ಟರನ್ನೂ ಸೀಳುತ್ತದೆ. ನಾಲ್ಕು ಗೋಡೆಗೂ ಸಾಮಾನು ಅದೇ, ಹಿಡಿಯುವ ಹೊತ್ತು ಬೇರೆ ಬೇರೆ. ಪಟ್ಟಿ ಯಾವಾಗ ಎಳೆಯಬೇಕು, ಉಜ್ಜುಹಲಗೆ ಯಾವಾಗ ಇಡಬೇಕು ಅನ್ನುವುದನ್ನು ಬೆರಳು ಒತ್ತಿ ನೋಡಿಯೇ ತಿಳಿಯಬೇಕು. ಬೆರಳಿನ ಗುರುತು ಮೂಡಬೇಕು, ಬೆರಳಿಗೆ ಮಾಲು ಹತ್ತಬಾರದು, ಆಗ ಉಜ್ಜಲು ಹೊತ್ತಾಗಿದೆ. ಇದಕ್ಕೆ ಸಾಮಾನು ಯಾರೂ ಮಾರುವುದಿಲ್ಲ, ನಿಮ್ಮ ಕಾಕಾನ ಹತ್ತಿರ ಕಲಿಯಬೇಕಾದ್ದು ಇದೇ.

ನಮ್ಮ ಬೇಸಿಗೆಯಲ್ಲಿ ಈ ಹೊತ್ತು ಇನ್ನೂ ಕಿರಿದಾಗುತ್ತದೆ. ಏಪ್ರಿಲ್ ಮೇನಲ್ಲಿ 42, 43 ಡಿಗ್ರಿ ಬಿಸಿಲು, ಮೇಲೆ ಒಣಗಾಳಿ. ಹಾಗಾಗಿ ಹೊರಗೋಡೆಯನ್ನು ನೆರಳು ನೋಡಿ ಹಿಡಿಯಬೇಕು: ಬೆಳಿಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ್ದು. ಮುಗಿದ ಗೋಡೆಗೆ ಕನಿಷ್ಠ 7 ದಿನ ನೀರು ಹೊಡೆಯಬೇಕು, ಹೊರಗಡೆ ಗೋಣಿತಟ್ಟು ಇಳಿಬಿಟ್ಟರೆ ಒಳ್ಳೆಯದು. ಬೋರಿನ ನೀರು ಬಾಯಿಗೆ ಉಪ್ಪುಪ್ಪು ಇದ್ದರೆ ಅದರಲ್ಲಿ ಕಲಸಬೇಡಿ, ಆಮೇಲೆ ಬಿಳಿ ಉಪ್ಪು ಗೋಡೆಯ ಮೇಲೆ ಹೂ ಬಿಡುತ್ತದೆ.

“ಹಿರಿಯರ ಹತ್ರ ಏನಿತ್ತು, ಆದ್ರೂ ಎಂಥಾ ಕೆಲಸ ಮಾಡ್ಯಾರ” ಅನ್ನುವ ಮಾತನ್ನು ಕಾಕಾ ಹೇಳಿದರೆ ಅರ್ಧವೇ ಒಪ್ಪಿಕೊಳ್ಳಿ. ಕಲಬುರಗಿಯಲ್ಲಿ ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜಿಗೆ ಹೋಗಿ, 1422ರಲ್ಲಿ ತೀರಿಕೊಂಡ ಫಿರೋಜ್ ಷಾ ಬಹಮನಿಯ ಗೋರಿಯ ಒಳಗೆ ಗಾರೆಯಲ್ಲಿ ಮಾಡಿದ ಅಲಂಕಾರ ನೋಡಿ, ಕೈ ಮುಗಿಯಬೇಕು ಅನಿಸುತ್ತದೆ. ಆದರೆ ಅವರ ಮಾಲು ಸುಣ್ಣದ್ದು. ಸುಣ್ಣ ನಿಧಾನವಾಗಿ ಗಟ್ಟಿಯಾಗುತ್ತದೆ, ಒತ್ತಿ, ತೀಡಿ, ಮತ್ತೆ ತಿದ್ದಲು ಬಿಡುವು ಕೊಡುತ್ತದೆ. ವಾಡಿ, ಮಳಖೇಡದಲ್ಲಿ ತಯಾರಾಗಿ ಬರುವ ನಮ್ಮ ಸಿಮೆಂಟ್ ಯಾರಿಗೂ ಕಾಯುವುದಿಲ್ಲ. ಕಾಯದ ಮಾಲಿನ ಜೊತೆ ದುಡಿಯುವವನಿಗೆ ಅಳತೆಯ ಕೆಲಸವನ್ನಾದರೂ ಬೇಗ ಮುಗಿಸುವ ಸಾಮಾನು ಬೇಕಾಗುತ್ತದೆ, ಅದರಲ್ಲಿ ನಾಚಿಕೆ ಏನೂ ಇಲ್ಲ.

ವೇಗದ ಹೆಸರಿನಲ್ಲಿ ನಡೆಯುವ ಒಂದು ಕೆಟ್ಟ ಅಭ್ಯಾಸ ಮಾತ್ರ ಹಿಡಿಯಬೇಡಿ. ಮಾಲು ಇನ್ನೂ ಹಸಿ ಇದೆ, ಉಜ್ಜಲು ಬರುತ್ತಿಲ್ಲ ಅಂತ ಒಣ ಸಿಮೆಂಟ್ ಪುಡಿ ಎರಚಿ ತೀಡುತ್ತಾರಲ್ಲ, ಅದು. ಆ ದಿನ ಗೋಡೆ ಕನ್ನಡಿಯ ಹಾಗೆ ಕಾಣುತ್ತದೆ, ಮಾಲೀಕನೂ ಖುಷಿ. ಮೇಲಿನ ಸಿಮೆಂಟ್ ಪದರ ಒಳಗಿನದಕ್ಕಿಂತ ಹೆಚ್ಚು ಕುಗ್ಗುವುದರಿಂದ ಕೆಲವೇ ದಿನಕ್ಕೆ ಮೈತುಂಬ ಕೂದಲೆಳೆ ಬಿರುಕು. ಬೇಗ ಒಣಗಲಿ ಅಂತ ಸಿಮೆಂಟ್ ಹೆಚ್ಚು ಹಾಕಿ ಕಲಸುವುದೂ ಇದೇ ಜಾತಿಯದ್ದು. ಅವಸರ ತಪ್ಪಿಸಬೇಕೆಂದರೆ ಎರಡು ಗೋಡೆ ಜೊತೆಯಲ್ಲಿ ಹಿಡಿಯಿರಿ. ಒಂದು ಬಿಗಿಯುವಷ್ಟರಲ್ಲಿ ಇನ್ನೊಂದಕ್ಕೆ ಮಾಲು ಹಚ್ಚುವುದು. ನಾನು ನೋಡಿದ ಚುರುಕು ಗೌಂಡಿಗಳೆಲ್ಲ ಹೀಗೇ ಮಾಡುತ್ತಾರೆ, ಅವರ ಕೈ ನಮ್ಮ ಕೈಗಿಂತ ವೇಗವಾಗಿ ಆಡುವುದೇನಿಲ್ಲ.

ಮರಳಿನ ಬಗ್ಗೆ ಒಂದೇ ಮಾತು: ಹೊಳೆಯ ಮರಳಾಗಲಿ, ಕಲ್ಲು ಪುಡಿ ಮಾಡಿ ತೆಗೆದ ಎಂ-ಸ್ಯಾಂಡ್ ಆಗಲಿ, ಗಾಜಿನ ಬಾಟಲಿಯಲ್ಲಿ ನೀರಿನ ಜೊತೆ ಕುಲುಕಿ ಕೆಲವು ತಾಸು ಬಿಡಿ. ಮೇಲೆ ಕೂತ ಕೆಸರಿನ ಪದರ ಮರಳಿನ ಹತ್ತನೇ ಒಂದು ಭಾಗದ ಹತ್ತಿರ ಬಂತೆಂದರೆ ತೊಳೆಯದೆ ಪ್ಲಾಸ್ಟರಿಗೆ ಬೇಡ. ಪ್ಲಾಸ್ಟರಿಗಂತಲೇ ನುಣ್ಣಗೆ ಮಾಡಿ ಮಾರುವ ಪಿ-ಸ್ಯಾಂಡ್ ಸಿಕ್ಕರೆ ಸೋಸುವ ಹೊತ್ತು ಉಳಿಯುತ್ತದೆ.

ಕಲಿಯುವ ಸಾಮಾನು ಯಾವುದು ಅಂತ ಕೇಳಿದರೆ ನಾನು ಬಲ್ಬು ಅನ್ನುತ್ತೇನೆ. ಕತ್ತಲಾದ ಮೇಲೆ ಅವತ್ತು ಮುಗಿಸಿದ ಗೋಡೆಯ ಪಕ್ಕಕ್ಕೆ, ಗೋಡೆಗೆ ಒತ್ತಿದಂತೆ ಬಲ್ಬು ಹಿಡಿದು ನೋಡಿ. ಹಗಲಲ್ಲಿ ಕಾಣದ ಪ್ರತಿಯೊಂದು ತಗ್ಗಿಗೂ ನೆರಳು ಬೀಳುತ್ತದೆ. ಆಮೇಲೆ ಆರಡಿ ಪಟ್ಟಿಯನ್ನು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಇಟ್ಟು ಸಂದಿ ಹುಡುಕಿ ಸೀಮೆಸುಣ್ಣದಿಂದ ಗುರುತು ಹಾಕಿ. ತಗ್ಗು ದಿನಾ ಒಂದೇ ಜಾಗಕ್ಕೆ ಬರುತ್ತಿದೆ, ಉದಾಹರಣೆಗೆ ಅಟ್ಟ ಬದಲಿಸುವ ಎತ್ತರದಲ್ಲಿ, ಅಂತ ಗೊತ್ತಾದರೆ ತಪ್ಪು ಕೈಯದ್ದಲ್ಲ, ನಿಲ್ಲುವ ರೀತಿಯದ್ದು. ಹಾಗೆಯೇ ನಿಮ್ಮ ಉಜ್ಜುಹಲಗೆಯನ್ನೂ ಪಟ್ಟಿಗೆ ಹಿಡಿದು ನೋಡಿ. ಸವೆದು ನಡುವೆ ಗುಳಿ ಬಿದ್ದ ಹಲಗೆಯಿಂದ ಮಟ್ಟದ ಗೋಡೆ ಹೇಗೆ ಬಂದೀತು? ಎಷ್ಟೋ ಮಂದಿ ಕರಣಿಗೆ ಕೊಡುವ ಗಮನದಲ್ಲಿ ಅರ್ಧವನ್ನೂ ಅದಕ್ಕೆ ಕೊಡುವುದಿಲ್ಲ.

ಹಾಗಾಗಿ ಈಗಿನ ದುಡ್ಡಿನಲ್ಲಿ ಅಟ್ಟ, ಸೊಟ್ಟಗಾಗದ ಎರಡು ಅಲ್ಯುಮಿನಿಯಂ ಪಟ್ಟಿ (ಒಂದು ಎಂಟಡಿ, ಒಂದು ನಾಲ್ಕಡಿ), ಹೊಸ ಉಜ್ಜುಹಲಗೆ, ಕೈಗೆ ರಬ್ಬರ್ ಗ್ಲೋವ್ಸ್. ಉಳಿದರೆ ಲೇಸರ್. ಇನ್ನೊಂದು ವಿಷಯ ನಿಮಗೆ ಗೊತ್ತಿದೆಯೋ ಇಲ್ಲವೋ: 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಮಂಡಳಿಯ ಸೌಲಭ್ಯಗಳಲ್ಲಿ ತರಬೇತಿ ಮತ್ತು ಟೂಲ್ ಕಿಟ್ ಕೂಡ ಸೇರಿದೆ. ಕಾರ್ಡ್ ಇನ್ನೂ ಮಾಡಿಸಿಲ್ಲ ಅಂದರೆ ಲೇಸರ್ ಕೊಳ್ಳುವ ಮೊದಲು ಒಂದು ದಿನ ಕೆಲಸ ಬಿಟ್ಟು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಬನ್ನಿ, ಕಾಕಾನ ಕಾರ್ಡ್ ಇಲ್ಲದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.